ಪಾವತಿಯಲ್ಲಿದ್ದ ನನ್ನ ಹೆಸರು

ಕ್ರೆಡಿಟ್ ಕಾರ್ಡನ್ನು ನಾನೇನೂ ಬೇಡಿರಲಿಲ್ಲ. ಪಗಾರ ಬರುವ ಬ್ಯಾಂಕಿನವರೇ ಅದನ್ನು ಸಂಶಿ ಊರಿನ ನಮ್ಮ ಮನೆಗೆ ಕಳಿಸಿದರು. ಜೊತೆಗೊಂದು ಬಣ್ಣದ ಕಾಗದ: ಕಾರ್ಡಿನಿಂದ ಏನು ಕಟ್ಟಿದರೂ ಪಾಯಿಂಟು, ಪಾಯಿಂಟು ಕೂಡಿದರೆ ಸಾಮಾನು. ಆ ಕಾಗದದಲ್ಲಿ ಒಂದು ಮಿಕ್ಸರ್ ಇತ್ತು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವವರ ಪೈಕಿ ನಾನು.

ಮೊದಲು ನಮ್ಮ ಮನೆಪಟ್ಟಿಯನ್ನೇ, ಎಂದರೆ ಮನೆಯ ತೆರಿಗೆಯನ್ನೇ, ಮೊಬೈಲಿನಲ್ಲಿ ಆ ಕಾರ್ಡಿನಿಂದ ಪಂಚಾಯಿತಿಗೆ ತುಂಬಿದೆ. ಬಂದ ಪಾಯಿಂಟು ಚಹಾ ಸೋಸುವ ಜಾಳಿಗೆಗೂ ಸಾಲುವಂತಿರಲಿಲ್ಲ. ಓಣಿಯವರದೆಲ್ಲ ನಾನೇ ತುಂಬಿದರೆ ಹೇಗೆ ಎಂದು ತಲೆ ಓಡಿತು. ಅವರು ರೊಕ್ಕ ನನ್ನ ಕೈಗೆ ಕೊಡಲಿ, ಪಾಯಿಂಟು ನನಗಿರಲಿ, ಅವರಿಗೂ ಪಂಚಾಯಿತಿಯಲ್ಲಿ ಪಾಳಿ ಹಚ್ಚಿ ನಿಲ್ಲುವುದು ತಪ್ಪಲಿ. "ಅಕ್ಕಾರ, ಅಗದಿ ಉಪಕಾರ ಆತ ನೋಡ್ರಿ" ಎಂದು ಎಲ್ಲರೂ ಹೊಗಳಿದರು. ಶಾಲೆಯಲ್ಲಿ ಕಲಿಸುವ ನನ್ನನ್ನು ಓಣಿಯೆಲ್ಲ ಕರೆಯುವುದೇ ಅಕ್ಕಾರು ಎಂದು. ಪಾಯಿಂಟಿನ ಸುದ್ದಿಯನ್ನು ಮಾತ್ರ ನಾನು ಯಾರ ಮುಂದೆಯೂ ಎತ್ತಲಿಲ್ಲ.

ಮೂರು ವರ್ಷ ಹೀಗೇ ನಡೆಯಿತು. ಊರ ಉಸಾಬರಿ ಎಂದರೇನೆಂದು ಚೆನ್ನಾಗಿ ತಿಳಿಯಿತು. ಶಾಲೆಯಿಂದ ಬಂದು ಕಾಲು ಚಾಚುವಷ್ಟರಲ್ಲಿ ಬಾಗಿಲಲ್ಲಿ ಒಬ್ಬರು. ಒಬ್ಬರ ಮನೆ ನಂಬರು ತಪ್ಪು, ಇನ್ನೊಬ್ಬರದು ರೊಕ್ಕ ನಾಳೆ. ಒಟಿಪಿ ಬರಬೇಕಾದರೆ ಫೋನು ಹಿಡಿದು ಮಾಳಿಗೆ ಹತ್ತಬೇಕು, ಕಾದ ಮಾಳಿಗೆಯ ಮೇಲೆ ಬರಿಗಾಲಲ್ಲಿ ಕುಣಿಯುತ್ತ ಅಂಕಿ ಓದಬೇಕು. ನಮ್ಮ ಮನೆಯವರು ಕೆಳಗಿನಿಂದಲೇ, "ಕಾರ್ಡಿಲೆ ತುಂಬಿದ್ರ ಮ್ಯಾಲ ಬ್ಯಾರೆ ರೊಕ್ಕ ಹಿಡಕೊಳ್ತಾರಲಾ, ಅದನ್ನ ಕೂಡಿಸಿದ್ರ ಎರಡು ಮಿಕ್ಸರ್ ಬರ್ತಿದ್ವು" ಎನ್ನುತ್ತಿದ್ದರು. ಅವರು ಹೇಳುವುದು ಸರಿಯಾಗಿಯೇ ಇತ್ತು, ಅದಕ್ಕೇ ಸಿಟ್ಟು ಬರುತ್ತಿತ್ತು. ಇಷ್ಟು ಕುಣಿದ ಮೇಲೆ ನಡುವೆ ಬಿಡಲೂ ಮನಸ್ಸಾಗಲಿಲ್ಲ.

ಮಿಕ್ಸರ್‌ಗೆ ಇನ್ನು ಸ್ವಲ್ಪವೇ ಪಾಯಿಂಟು ಬೇಕಿದ್ದಾಗ ಬಾಜು ಮನೆಯ ಕಾಕು ಬಂದಳು. ರೊಟ್ಟಿ ಬಡಿದು ಮಾರಿ ಬದುಕುವವಳು. ಗಂಡ ಸತ್ತ ಮೇಲೆ ಮನೆಯ ಹಕ್ಕಿನ ದಾಖಲೆಯಾದ ಉತಾರಕ್ಕೆ ತನ್ನ ಹೆಸರು ಹಚ್ಚಿಸಲು ಎರಡು ವರ್ಷ ಕಚೇರಿ ಅಲೆದವಳು. ಆ ಮನೆಯ ಮೇಲೆ ಮೈದುನನ ಕಣ್ಣು ಇನ್ನೂ ಇತ್ತು. ಆ ಎರಡು ಖೋಲಿ ಬಿಟ್ಟರೆ ಅವಳಿಗೆ ಬೇರೆ ನೆಲೆಯಿಲ್ಲ.

ಬಂದವಳು ಕೂಡಲಿಲ್ಲ. ನಾನೇ ತೆಗೆಸಿ ಕೊಟ್ಟಿದ್ದ ಮೂರು ವರ್ಷದ ಪಾವತಿಗಳನ್ನು, ಪಟ್ಟಿ ತುಂಬಿದ ರಸೀದಿಗಳನ್ನು, ಮುಂದೆ ಹಿಡಿದಳು.

"ಅಕ್ಕಾರ, ಇದರಾಗ ನಿಮ್ಮ ಹೆಸರು ಯಾಕ ಐತ್ರಿ?"

ಹಣ ತುಂಬಿದವರು ಎನ್ನುವ ಕಡೆ ನನ್ನ ಹೆಸರಿತ್ತು. ಕಾರ್ಡು ನನ್ನದಲ್ಲವೇ, ಎಂದು ನಾನು ನಕ್ಕೆ. ಅವಳು ನಗಲಿಲ್ಲ.

"ಮೈದುನ ಬಂದಿದ್ದಾ, ಓದಿ ಹೇಳಿದಾ. ಪಟ್ಟಿ ಯಾರು ತುಂಬ್ತಾರ, ಮನಿ ಅವರದ ಅಂತ."

ನಮ್ಮ ಕಡೆ ಇದು ಬರೀ ಅಂಜಿಕೆಯಲ್ಲ. ಪಟ್ಟಿಯ ಪಾವತಿ ಹಿಡಿದುಕೊಂಡೇ ಮಂದಿ ಕೋರ್ಟು ಹತ್ತುತ್ತಾರೆ. ಅಣ್ಣನ ಪಟ್ಟಿಯನ್ನು ತಮ್ಮ ತುಂಬಿದರೂ ಇದರಲ್ಲೇನೋ ಇದೆ ಎನ್ನುತ್ತಾರೆ. ನನಗೂ ಅದು ಗೊತ್ತಿತ್ತು. ಮಿಕ್ಸರ್ ಮುಂದೆ ನೆನಪಾಗಲಿಲ್ಲ, ಅಷ್ಟೇ.

"ಕಾಕೂ, ಉತಾರ ನಿನ್ನ ಹೆಸರಿಗೇ ಐತಿ. ಯಾರೂ ಏನೂ ಮಾಡಾಕ ಬರಂಗಿಲ್ಲ. ನನಗ ಪಾಯಿಂಟು ಬರ್ತಾವಂತ ತುಂಬಿದ್ನಿ."

"ಪಾಯಿಂಟು ಅಂದ್ರ?"

ಎಲ್ಲವನ್ನೂ ಹೇಳಿದೆ. ಮಿಕ್ಸರ್ ಸುದ್ದಿಯನ್ನೂ ಹೇಳಿದೆ.

"ಇಷ್ಟು ವರ್ಷ ಇದನ್ನ ಹೇಳಲೇ ಇಲ್ಲಲ್ರಿ" ಎಂದಳು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಸಾಕಾಗಿಹೋಯಿತು.

"ಮನಿ ಮ್ಯಾಲ ನಿಮ್ಮ ಹಕ್ಕಿಲ್ಲ ಅಂತ ಒಂದ್ ಕಾಗದ ಬರದು ಕೊಡ್ರಿ."

ಬರೆದೆ, ತಾರೀಖು ಹಾಕಿ ಸಹಿ ಮಾಡಿದೆ. ಕಾಕುವಿಗೆ ಓದು ಬರದು. ಬ್ಯಾಂಕಿನ ಪತ್ರದಿಂದ ಹಿಡಿದು ಔಷಧದ ಚೀಟಿಯವರೆಗೆ ಎಲ್ಲವನ್ನೂ ಅವಳಿಗೆ ಓದಿ ಹೇಳುತ್ತಿದ್ದವಳು ನಾನೇ. ಇದನ್ನೂ ಓದಲು ಬಾಯಿ ತೆರೆದೆ.

"ಇರಲಿ ಬಿಡ್ರಿ" ಎಂದು ಅವಳು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಚಪ್ಪಲಿ ಮೆಟ್ಟಿ, ಅದನ್ನು ಓದಿಸಲು ಓಣಿಯ ತುದಿಯ ಕಿರಾಣಿ ಅಂಗಡಿಯ ಕಡೆ ನಡೆದಳು.