ಬಂಗಾರಕ್ಕೆ ಉಡಿಸಿದ ಸೀರೆ

ಮೊನ್ನೆ ಪ್ರಯೋಗಾಲಯದಲ್ಲಿ ಒಂದು ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಳಗೆ ದಾಳಿಂಬೆ ರಸದಂಥ ಕೆಂಪು ನೀರು. ಅದು ಬಂಗಾರ! ಕಣ್ಣಿಗೆ ಕಾಣದಷ್ಟು ಸಣ್ಣ ಕಣವಾದರೆ ಬಂಗಾರ ಹಳದಿ ಬಿಟ್ಟು ಕೆಂಪಾಗುತ್ತದೆ. ರೋಗ ಪತ್ತೆ ಮಾಡುವ ಕಾರ್ಡಿನಲ್ಲಿ ಕೆಂಪು ಗೆರೆ ಮೂಡುವುದು ಇದರಿಂದಲೇ. ನೋಡುತ್ತಿದ್ದಂತೆ ಗಂಗಾವತಿಯ ನಮ್ಮ ಪಕ್ಕದ ಮನೆಯ ಆಯಿ ನೆನಪಾದಳು...

ಓಣಿಗೆಲ್ಲ ಅವಳು ಆಯಿ, ಎಲ್ಲರ ಅಜ್ಜಿ. ಎಮ್ಮೆ ಮೈ ತೊಳೆಯುವಾಗಲೂ ಅವಳ ಕೊರಳಲ್ಲಿ ಬಂಗಾರದ ಗುಂಡುಗಳ ಬೋರಮಾಳ ಇರಲೇಬೇಕು.

ನಾನು ಸಂಶೋಧನೆಗೆ ಸೇರಿದ ಹೊಸತು, ರಜೆಗೆ ಬಂದಿದ್ದೆ. ಓಣಿಯಲ್ಲಿ ಡೆಂಗಿ ಹಬ್ಬಿತ್ತು. ಆಯಿ ಜ್ವರ ಬಂದು ಮಲಗಿದ್ದಳು. ರಕ್ತ ತಪಾಸಣೆ ಎಂದರೆ ಗೋಡೆಯ ಕಡೆ ಹೊರಳಿ, "ಹೇಮಗುಡ್ಡದ ದುರ್ಗವ್ವ ನೋಡ್ಕೋತಾಳ" ಎನ್ನುತ್ತಿದ್ದಳು. ಒಸಡಿನಲ್ಲಿ ರಕ್ತ ಕಂಡ ದಿನ ಅವಳ ಮಗ ನಮ್ಮ ಮನೆಗೆ ಓಡಿಬಂದ. ಇನ್ನು ತಡಮಾಡಿದರೆ ಆಯಿ ನಮಗೆ ದಕ್ಕುವುದಿಲ್ಲ ಎಂದು ನನಗೂ ಹೆದರಿಕೆಯಾಯಿತು. ಬಂಗಾರದ ಹೆಸರು ಹೇಳಿದರೆ ಒಪ್ಪಿಯಾಳು ಎಂದು ನನ್ನ ಹೊಸ ವಿದ್ಯೆ ಬಿಚ್ಚಿದೆ. "ಆಯಿ, ತಪಾಸಣಿ ಮಾಡೂ ಕಾರ್ಡಿನ್ಯಾಗ ಖರೇನ ಬಂಗಾರ ಐತಿ. ನಿನ್ನ ನೆತ್ತರ ಒಂದ ಹನಿ ಹಾಕಿದ್ರ ಸಾಕು."

ಆಯಿ ಎದ್ದೇ ಕುಳಿತಳು. "ಬಂಗಾರ ಅಂದ್ರ ಲಕ್ಷ್ಮಿ! ಕಾಲಿಗೂ ಹಾಕ್ಕೊಳ್ಳೂದಿಲ್ಲ ನಾವು. ಅದಕ್ಕ ನೆತ್ತರ ಮುಟ್ಟಸ್ತಾರೇನ?"

ಜಾಣತನ ಮಾಡಲು ಹೋಗಿ ಕೆಲಸ ಕೆಡಿಸಿಕೊಂಡಿದ್ದೆ. ಬರಿಯ ಬಂಗಾರದ ಕಣಗಳು ಒಂದಕ್ಕೊಂದು ಅಂಟಿ ಹಾಳಾಗುತ್ತವೆ ಎಂದು ನಮ್ಮ ಪ್ರಯೋಗಾಲಯದಲ್ಲಿ ಅವಕ್ಕೆ ಪಾಲಿಮರಿನ ತೆಳ್ಳನೆಯ ಹೊದಿಕೆ ಕೊಡುತ್ತಿದ್ದೆವು. ಕಾರ್ಡಿನ ಕಣಗಳಿಗೂ ಏನಾದರೊಂದು ಹೊದಿಕೆ ಇದ್ದೇ ಇರುತ್ತದೆ. ಪುಣ್ಯಕ್ಕೆ ಅದು ನೆನಪಾಯಿತು.

"ಬಂಗಾರ ಬರಿಮೈಲೆ ಇರೂದಿಲ್ಲ ಆಯಿ. ಸಣ್ಣ ಸೀರಿ ಉಡಿಸಿರ್ತಾರ. ನೆತ್ತರ ಮುಟ್ಟೂದು ಸೀರಿಗಷ್ಟ."

"ಹಂಗಂತ ಮೊದಲ ಹೇಳಬಾರದೇನ? ನಡೀರಿ ಹಂಗಾರ."

ಕಾರ್ಡಿನಲ್ಲಿ ಗೆರೆ ಮೂಡಿತು. ಡೆಂಗಿಯೇ. ಅಂದೇ ದವಾಖಾನೆಗೆ ಸೇರಿಸಿದ್ದರಿಂದ ಉಳಿದಳು. ಮುಂದೆ ನಾನು ಊರಿಗೆ ಹೋದಾಗಲೆಲ್ಲ ಬಟ್ಟಲು ತುಂಬ ಎಮ್ಮೆಯ ಗಟ್ಟಿ ಮೊಸರು, ಜೊತೆಗೆ ನನ್ನ ಮದುವೆ ಯಾವಾಗ ಎಂಬ ಗೇಲಿ... ಸುಖದ ವರ್ಷಗಳು ಅವು.

ಹೋದ ವರ್ಷ ಆಯಿ ನಿದ್ದೆಯಲ್ಲೇ ಹೋದಳು. ಕಾರ್ಯವೆಲ್ಲ ಮುಗಿದ ಮೇಲೆ ಅವಳ ಸೊಸೆ ನನ್ನ ಅಂಗೈಯಲ್ಲಿ ಬೋರಮಾಳದ ಒಂದು ಗುಂಡು ಇಟ್ಟಳು. "ನಿನ್ನ ಕೆಲಸಕ್ಕ ಬೇಕಾಗತೈತಿ, ಕುಟ್ಟಿ ಪುಡಿ ಮಾಡ್ಕೊಳ್ಳಲಿ ಅಂತ ಹೇಳಿ ಹೋಗ್ಯಾರ ಅತ್ತಿ."

ನಮ್ಮ ಕೆಲಸಕ್ಕೆ ಒಡವೆಯ ಬಂಗಾರ ಬರುವುದಿಲ್ಲ. ಆದರೂ ಅದನ್ನು ದಾರಕ್ಕೆ ಪೋಣಿಸಿಕೊಂಡೆ. ಗುಂಡು ಈಗ ನನ್ನ ಕೊರಳಲ್ಲಿದೆ. ಸೀಸೆಯ ಮೇಲೆ ಬಾಗಿದಾಗ ಮುಂದಕ್ಕೆ ಜೋಲುತ್ತದೆ, ಎಡಗೈಯಲ್ಲಿ ಹಿಡಿದುಕೊಂಡು ಕೆಲಸ ಮಾಡುತ್ತೇನೆ. ಅವಳ ಕೊರಳಲ್ಲಿ ಇರಬೇಕಾದದ್ದು ನನ್ನ ಕೈಯಲ್ಲಿದೆ, ಆಯಿ ಇನ್ನಿಲ್ಲ ಎಂಬುದು ಆಗ ಗೊತ್ತಾಗುತ್ತದೆ.