ಮಗಳ ನಂಬರಿಗೆ ಹೋದ ಬಿಲ್ಲುಗಳು

ನನ್ನ ಅಂಗಡಿಯಿಂದ ಬಿಲ್ಲಿಲ್ಲದೆ ಒಂದು ವಾಷರ್ ಕೂಡ ಹೊರಗೆ ಹೋಗುವುದಿಲ್ಲ. ಹುಣಸೂರಿನಲ್ಲಿ ಮೋಟಾರು, ಪೈಪು ಮಾರುವವರು ಬೇಕಾದಷ್ಟು ಜನ ಇದ್ದಾರೆ. ನಮ್ಮ ರಸ್ತೆಯಲ್ಲಿ ಹೆಂಗಸು ನಾನೊಬ್ಬಳೇ. ಜಿಎಸ್‌ಟಿ ಬಿಲ್ಲನ್ನು ಕಂಪ್ಯೂಟರಿನಲ್ಲಿ ಮಾಡಿ ಕೊಂಡವರ ಫೋನಿಗೇ ಕಳಿಸುವುದನ್ನು ಈ ರಸ್ತೆಯಲ್ಲಿ ಮೊದಲು ಶುರು ಮಾಡಿದವಳೂ ನಾನೇ. ಕಾಗದದ ಬಿಲ್ಲು ರೈತರ ಜೇಬಿನಲ್ಲಿ ಬೆವರಿಗೆ ನೆನೆದು, ಅಂಗಿಯ ಜೊತೆ ಒಗೆತಕ್ಕೂ ಸಿಕ್ಕಿ, ಗ್ಯಾರಂಟಿ ಕೇಳುವ ಹೊತ್ತಿಗೆ ಉಂಡೆಯಾಗಿರುತ್ತಿತ್ತು. ಫೋನಿಗೆ ಹೋದದ್ದಕ್ಕೆ ಆ ಗತಿ ಬರುವುದಿಲ್ಲ. ಅಕ್ಕಪಕ್ಕದ ಅಂಗಡಿಯವರು ‘ಆಯಮ್ಮನಿಗೆ ಹುಚ್ಚು’ ಎಂದು ನಕ್ಕರು. ನಗಲಿ ಎಂದು ನಾನು ನನ್ನ ಪಾಡಿಗೆ ಕೆಲಸ ಮುಂದುವರಿಸಿದೆ.

ಮೊದಮೊದಲು ಫೋನ್ ನಂಬರ್ ಕೇಳಿದರೆ ಜನ ಜಗಳಕ್ಕೇ ಬರುತ್ತಿದ್ದರು. “ಎರಡು ಪೈಪಿನ ಬೆಂಡಿಗೆಲ್ಲ ನಂಬರ್ ಯಾಕವ್ವ, ನಮ್ಮನೇಲಿ ಗಂಡು ನೋಡಾಕೆ ಬತ್ತೀಯಾ?” ಎಂದು ಪಿರಿಯಾಪಟ್ಟಣದ ಕಡೆಯವರೊಬ್ಬರು ಕೇಳಿದ್ದರು. “ಗಂಡು ಚೆನ್ನಾಗಿದ್ರೆ ನೋಡಾಣ, ಮೊದ್ಲು ನಂಬರ್ ಹೇಳಿ” ಎಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ಅವರೂ ನಕ್ಕು ನಂಬರ್ ಹೇಳಿದರು.

ನಂಬರಿಗಿಂತ ಹೆಸರಿನದೇ ದೊಡ್ಡ ಕಥೆ. ನಮ್ಮ ಕಡೆಯವರು ದುಡ್ಡು ಕೊಡುವವರ ಹೆಸರಿನಲ್ಲೇ ಬಿಲ್ಲು ಮಾಡಿಸಬೇಕೆಂದೇನೂ ಇಲ್ಲ. ಮನೆಯಲ್ಲಿ ಯಾರ ಕೈಗುಣ ಒಳ್ಳೆಯದೋ ಅವರ ಹೆಸರು ಹೇಳುತ್ತಾರೆ. ತೊಟ್ಟಿಲಲ್ಲಿರುವ ಮೊಮ್ಮಗಳ ಹೆಸರಿನಲ್ಲಿ ಔಷಧಿ ಹೊಡೆಯುವ ಪಂಪು ಕೊಂಡವರಿದ್ದಾರೆ. ಎಚ್.ಡಿ. ಕೋಟೆ ಕಡೆಯ ಒಬ್ಬರು ತಮ್ಮ ಎತ್ತಿನ ಹೆಸರು ಹೇಳಿದರು. ಎತ್ತಿಗೆ ಫೋನಿದ್ದರೆ ಅದೇ ಹೆಸರು ಹಾಕುತ್ತೇನೆ ಎಂದೆ. ಸ್ವಲ್ಪ ಯೋಚಿಸಿ, ಹೆಂಡತಿಯ ಹೆಸರು ಹೇಳಿದರು.

ಕಟ್ಟೆಮಳಲವಾಡಿ ಕಡೆಯ ಯಜಮಾನರೊಬ್ಬರು ಬೋರ್‌ವೆಲ್ಲಿಗೆ ಮೋಟಾರು ಕೊಂಡಾಗ ಹೇಳಿದ್ದು ಮಗಳ ಹೆಸರು, ಮಗಳ ನಂಬರು. ಅವಳನ್ನು ಕೆ.ಆರ್. ನಗರಕ್ಕೆ ಮದುವೆ ಮಾಡಿಕೊಟ್ಟಿದ್ದರು. “ಬೋರ್ ಕೊರ್ಸೋ ದಿನ ಅವ್ಳೇ ಕಾಯಿ ಒಡ್ದಿದ್ದು ಕಣವ್ವ. ಅಕ್ಕಪಕ್ಕದೋರ್ಗೆಲ್ಲ ಬರೀ ದೂಳು, ನಮ್ಗೆ ನೀರು. ಅವ್ಳ ಕೈಗುಣ ಅಂಗೆ” ಎಂದು ಹಿಗ್ಗಿ ಹೇಳಿದ್ದರು. ಅವರ ಬಳಿ ಇದ್ದದ್ದು ಬಟನ್ ಫೋನು. ಅದರ ನಂಬರ್ ಅವರಿಗೇ ನೆನಪಿರಲಿಲ್ಲ. ಮಗಳದ್ದು ಮಾತ್ರ ಮಗ್ಗಿಯ ಹಾಗೆ ಬಾಯಿಗೆ ಬರುತ್ತಿತ್ತು.

ಆಮೇಲೆ ಅಪ್ಪ ಮಗಳ ನಡುವೆ ಮಾತು ನಿಂತುಹೋಯಿತು. ಜಮೀನನ್ನು ಗಂಡುಮಕ್ಕಳ ಹೆಸರಿಗೆ ಮಾಡುವಾಗ, ತನಗೆ ಪಾಲು ಬೇಡವೆಂದು ರುಜು ಹಾಕಲು ಮಗಳನ್ನು ಕರೆಸಿದ್ದರು. ಅವಳು ಬಂದು, ಪತ್ರವನ್ನು ಪೂರ್ತಿ ಓದಿ, ಹಾಕುವುದಿಲ್ಲ ಎಂದು ಎದ್ದು ಹೋದಳಂತೆ. ಯಜಮಾನರೇ ಇದನ್ನೆಲ್ಲ ನನ್ನ ಮುಂದೆ ಹೇಳಿಕೊಂಡು, “ನಾಕ್ ಜನದ ಮುಂದೆ ನನ್ ಮಾನ ಕಳುದ್ಬುಟ್ಲು” ಎಂದರು. ಕಂಡಿರದ ಆ ಹೆಣ್ಣುಮಗಳ ಮೇಲೆ ನನಗೆ ಒಳಗೊಳಗೇ ಮೆಚ್ಚುಗೆ ಹುಟ್ಟಿತು.

“ಹಾಗಾದ್ರೆ ಇನ್ಮೇಲೆ ಬಿಲ್ಲಿಗೆ ನಿಮ್ಮ ಮಗನ ನಂಬರ್ ಹಾಕ್ಲಾ ಯಜಮಾನ್ರೇ?” ಎಂದು ಕೇಳಿದೆ.

ಅವರು ಗೋಡೆಗೆ ಒರಗಿಸಿದ್ದ ಪೈಪುಗಳನ್ನು ನೋಡುತ್ತಾ, “ಇರ್ಲಿ ಬುಡವ್ವ, ಈಗ್ಯಾಕೆ” ಎಂದರು.

ಅಲ್ಲಿಂದ ಮುಂದೆ ಅವರು ಅಂಗಡಿಗೆ ಬರುವುದು ಹೆಚ್ಚಾಯಿತು. ಒಂದು ಸಲ ಬೆಂಡು, ಇನ್ನೊಂದು ಸಲ ಟೇಪು, ಮತ್ತೊಮ್ಮೆ ಬರೀ ಒಂದು ಕ್ಲಾಂಪು. ಎಲ್ಲ ಒಟ್ಟಿಗೇ ಒಯ್ಯಬಾರದೇ ಎಂದರೆ ಕೇಳಿಸದವರಂತೆ ನಿಂತುಬಿಡುತ್ತಿದ್ದರು. ಸಾಮಾನು ಚೀಲಕ್ಕೆ ಬಿದ್ದ ಮೇಲೂ ಹೊರಡದೆ, “ಬಿಲ್ಲು ಓಯ್ತಾ?” ಎಂದು ಕೇಳುತ್ತಿದ್ದರು. ಹೋಯಿತು ಎಂದ ಮೇಲೆಯೇ ಬಸ್ಸಿನ ಕಡೆ ನಡೆಯುತ್ತಿದ್ದರು. ಲೆಕ್ಕಾಚಾರದಲ್ಲಿ ಭಾರಿ ಹುಷಾರಿನ ಮನುಷ್ಯ ಎಂದುಕೊಂಡಿದ್ದೆ.

ಹೊಗೆಸೊಪ್ಪಿನ ಸಸಿ ಮಡಿಯ ಕೆಲಸ ಶುರುವಾದ ಮೇಲೆ ಕೆಲವು ವಾರ ಅವರು ಅಂಗಡಿಯ ಕಡೆ ಬರಲಿಲ್ಲ. ಮಡಿಗೆ ನೀರು ಬೇಕೇಬೇಕಾದ ಆ ಬೇಸಿಗೆಯಲ್ಲೇ ಮೋಟಾರು ಸುಟ್ಟುಹೋಯಿತು. ಬೋರಿನಿಂದ ಎತ್ತಿಸಿ, ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ತಂದರು. ಗ್ಯಾರಂಟಿ ಇನ್ನೂ ಮುಗಿದಿರಲಿಲ್ಲ, ಕಂಪನಿಯವರು ಬದಲಿ ಮೋಟಾರು ಕೊಡಲೇಬೇಕು. ಆದರೆ ಅದಕ್ಕೆ ಮೊದಲು ಬಿಲ್ಲಿನಲ್ಲಿರುವ ನಂಬರಿಗೆ ‘ಸುಟ್ಟ ಮೋಟಾರಿನ ಬದಲಿಗೆ’ ಎಂಬ ಒಕ್ಕಣೆಯ ಜೊತೆ ಓಟಿಪಿ ಬರುತ್ತದೆ, ಅದನ್ನು ಕೇಳಿ ತಿಳಿದು ನಾನು ಕಂಪ್ಯೂಟರಿಗೆ ಹಾಕಬೇಕು. ಇದನ್ನೆಲ್ಲ ಬಿಡಿಸಿ ಹೇಳಿ, “ಮಗಳಿಗೊಂದು ಫೋನ್ ಮಾಡಿ” ಎಂದೆ.

“ಬ್ಯಾಡ. ಒಸ ಮೋಟ್ರೇ ಕೊಟ್ಬುಡು. ದುಡ್ಡೋದ್ರೆ ಓಯ್ತದೆ.”

ನನಗೆ ಸಿಟ್ಟು ನೆತ್ತಿಗೇರಿತು. “ನೀರು ಬರಾಕೆ ಮಗಳ ಕೈ ಬೇಕು, ಮೋಟ್ರಿಗೆ ಮಗಳ ಹೆಸ್ರು ಬೇಕು. ಜಮೀನಿಗೆ ಮಾತ್ರ ಬೇಡ್ವಾ? ಹೊಸ ಮೋಟ್ರು ನಾನಂತೂ ಕೊಡಲ್ಲ. ಬೇರೆ ಅಂಗಡಿ ನೋಡ್ಕೊಳ್ಳಿ” ಎಂದುಬಿಟ್ಟೆ. ಒಂದು ವ್ಯಾಪಾರ ಕೈತಪ್ಪಿದರೆ ಮುಳುಗಿಹೋಗುವ ಅಂಗಡಿ ನನ್ನದಲ್ಲ. ಅವರು ಬೇರೆ ಅಂಗಡಿಗೆ ಹೋಗಲಿಲ್ಲ, ತಲೆ ತಗ್ಗಿಸಿ ಸ್ಟೂಲಿನ ಮೇಲೆ ಕೂತರು. ಇನ್ನು ಅವರನ್ನು ಕೇಳುವುದೇನು ಎಂದು ಓಟಿಪಿ ಕಳಿಸುವ ಬಟನ್ ನಾನೇ ಒತ್ತಿದೆ.

ಸ್ವಲ್ಪ ಹೊತ್ತಿಗೇ ಅಂಗಡಿಯ ಫೋನ್ ಬಡಿದುಕೊಂಡಿತು. ಬಿಲ್ಲಿನಲ್ಲಿ ನಮ್ಮ ನಂಬರ್ ಇರುತ್ತದಲ್ಲ, ಅದನ್ನು ನೋಡಿ ಮಗಳೇ ಮಾಡಿದ್ದಳು. ಯಜಮಾನರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ.

“ಅಕ್ಕ, ನಮ್ಮಪ್ಪನ ಮೋಟ್ರು ಸುಟ್ಟೋಯ್ತಾ? ಅಪ್ಪ ಉಸಾರಾಗವ್ರಾ?” ಎಂದು ಒಂದೇ ಉಸಿರಿನಲ್ಲಿ ಕೇಳಿದಳು. ಹುಷಾರಾಗಿದ್ದಾರೆ ಎಂದೆ. “ಇತ್ತೀಚ್ಗೆ ಒಂದ್ ಬಿಲ್ಲೂ ಬಂದಿರ್ನಿಲ್ಲ ಕಣಕ್ಕ, ಏನಾಯ್ತೋ ಅಂತ ಜೀವ ಒಡ್ಕತಿತ್ತು. ಟೇಪು, ಬೆಂಡು ಅಂತ ಒಂದ್ ಬಿಲ್ ಬಂದ್ರೆ ಸಾಕು, ಅಪ್ಪ ಓಡಾಡ್ಕಂಡವ್ರೆ ಅಂತ ಸಮಾದಾನ ಆಗದು.”

ಯಜಮಾನರ ಕಡೆ ನೋಡಿದೆ. ಹೆಗಲ ಮೇಲಿದ್ದ ಟವೆಲ್ಲು ಮುಖಕ್ಕೆ ಹೋಗಿತ್ತು. ಬಿಲ್ಲು ಹೋಯಿತಾ ಎಂದು ಅವರು ಪ್ರತಿ ಸಲ ಕೇಳುತ್ತಿದ್ದುದು ಯಾಕೆಂದು ನನಗೆ ಗೊತ್ತಾದದ್ದು ಆಗಲೇ. ನನ್ನ ಕಣ್ಣೂ ತುಂಬಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಫೋನನ್ನು ಅವರ ಕೈಗೆ ಕೊಟ್ಟೆ.

ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, “ಅದೇನೋ ನಂಬರ್ ಬಂದದಂತಲ್ಲ, ಏಳವ್ವ” ಎಂದರು. ಅವಳು ಹೇಳಿದಳು, ಅವರು ಒಂದೊಂದೇ ಅಂಕಿಯನ್ನು ನನಗೆ ದಾಟಿಸಿದರು, ನಾನು ಕಂಪ್ಯೂಟರಿಗೆ ಹಾಕಿದೆ. ಕಂಪನಿಯ ಒಪ್ಪಿಗೆ ಬಂತು. ಅದೇ ಮಾದರಿಯ ಮೋಟಾರು ಅಂಗಡಿಯಲ್ಲಿ ಇದ್ದೇ ಇತ್ತು.

ಕೆಲಸ ಮುಗಿದರೂ ಇಬ್ಬರೂ ಫೋನ್ ಇಡಲಿಲ್ಲ.

“ಅಪ್ಪ, ರುಜು ಮಾತ್ರ ಆಕಲ್ಲ ಕಣಪ್ಪ” ಎಂದಳು ಮಗಳು. ದನಿ ನಡುಗುತ್ತಿದ್ದರೂ ಮಾತು ಗಟ್ಟಿಯಾಗಿತ್ತು.

ಯಜಮಾನರು ಹೊಸ ಮೋಟಾರಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. “ಆಕ್ಬ್ಯಾಡ ಬುಡು” ಎಂದರು. “ನಾಳೀಕೆ ಮೋಟ್ರು ಇಳುಸ್ತೀವಿ. ನೀ ಬಂದು ಕಾಯಿ ಒಡಿಯೋಗಂಟ ನಾ ಸ್ವಿಚ್ ಒತ್ತಕಿಲ್ಲ.”