ಒಂದೇ ಸಲ ಎಂದು ಕೊಟ್ಟ ಮಾತು

ದೆವ್ವ, ಭೂತ, ಸತ್ತವರು ಬಂದು ಹೋಗುವುದು, ಇವೆಲ್ಲ ನನಗೆ ಮೊದಲಿನಿಂದಲೂ ನಗುವ ವಿಷಯ. ವಕೀಲಿ ಮಾಡುವವಳು ನಾನು. ಸಾಕ್ಷಿಯಿಲ್ಲದೆ ಹೆತ್ತ ತಾಯಿಯ ಮಾತನ್ನೂ ಒಪ್ಪದವಳು ಎಂದು ಮನೆಯಲ್ಲಿ ಹಂಗಿಸುತ್ತಾರೆ. ಆದ್ದರಿಂದ ಇದನ್ನು ನಂಬಿ ಎಂದು ಯಾರನ್ನೂ ಒತ್ತಾಯಿಸುವುದಿಲ್ಲ. ನಾನೇ ಇನ್ನೂ ಪೂರ್ತಿ ನಂಬಿಲ್ಲ.

ಅಪ್ಪ ಧಾರವಾಡದಿಂದ ಕಾರ್ಖಾನೆಯ ಕೆಲಸಕ್ಕೆಂದು ವಿಶಾಖಪಟ್ಟಣಕ್ಕೆ ಬಂದವರು. ಅವರು ತೀರಿಹೋದ ಮೇಲೂ ಅಮ್ಮ, ನಾನು ಆ ಊರಿನಂಚಿನ ಪೆಂಡುರ್ತಿಯ ಮನೆಯಲ್ಲೇ ಉಳಿದೆವು. ಮೇಲಿನ ಗುಡ್ಡಗಾಡಿನಲ್ಲಿ ಬಂದೂಕಿನ ಕಾಳಗ ನಡೆದ ವರ್ಷಗಳಲ್ಲಿ ಹೆಂಗಸರ ಮೇಲಾದ ಅತ್ಯಾಚಾರಗಳ ಹೇಳಿಕೆ ಪಡೆಯುವುದು ನನ್ನ ಕೆಲಸ. ಮಾಡಿದವರು ಯಾವ ಕಡೆಯವರು ಎಂದು ಇಲ್ಲಿ ಬರೆಯಲಾರೆ, ಮೊಕದ್ದಮೆ ಇನ್ನೂ ಮುಗಿದಿಲ್ಲ. ಬಂದ ಪ್ರತಿ ಹೆಂಗಸಿಗೂ ನಾನೊಂದು ಮಾತು ಕೊಡುತ್ತೇನೆ: ನೀನು ಇದನ್ನು ಒಂದೇ ಸಲ ಹೇಳಿದರೆ ಸಾಕು, ಮುಂದೆ ಎಲ್ಲ ಕಡೆ ನಾನು ಬರೆದುಕೊಂಡಿದ್ದನ್ನೇ ತೋರಿಸುತ್ತೇನೆ. ಪೊಲೀಸರಿಗೊಮ್ಮೆ, ಡಾಕ್ಟರಿಗೊಮ್ಮೆ, ಪತ್ರಿಕೆಯವರಿಗೊಮ್ಮೆ ಹೇಳಿ ಹೇಳಿ ಸೋತವರನ್ನು ಕಂಡು ನನಗೆ ರೋಸಿಹೋಗಿತ್ತು.

ಚಿಲಕಮ್ಮ (ಇದು ನಾನಿಟ್ಟ ಹೆಸರು) ಆಫೀಸಿಗೆ ಬರಲು ಹೆದರಿ ಒಂದು ಮಧ್ಯಾಹ್ನ ಮನೆಗೇ ಬಂದಳು. ಅವಳಿಗೆ ಗುಡ್ಡದ ಭಾಷೆ ಬಿಟ್ಟರೆ ತೆಲುಗು ಕೂಡ ಬರುತ್ತಿರಲಿಲ್ಲ. ಅಲ್ಲಿನ ಮಹಿಳಾ ಸಂಘದವರು ಜೊತೆಗೆ ದುಭಾಷಿಯನ್ನು ಕಳಿಸುವುದಾಗಿ ಹೇಳಿದ್ದರು. ಅವಳ ಬೆನ್ನಿಗೇ ಒಬ್ಬ ಮುದುಕಿ ಒಳಗೆ ಬಂದಳು. ಮೂಗಿಗೆ ಮೂರು ನತ್ತು, ಒಗೆದೊಗೆದು ಬಣ್ಣ ಹೋದ ಸೀರೆ. ಇವಳೇ ದುಭಾಷಿ ಎಂದುಕೊಂಡೆ. ನಮ್ಮ ಕೆಲಸದಲ್ಲಿ ಬಂದ ಕೂಡಲೇ ಹೆಸರು ಕೇಳುವುದಿಲ್ಲ, ಕೇಳಿದರೆ ಬಂದವರು ಬಾಯಿ ಬಿಡುವುದಿಲ್ಲ. ಅಮ್ಮನಿಗೆ ಮೂರು ಕಪ್ ಚಹಾ ಹೇಳಿ, ಅದು ಬಂದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡೆ.

ಚಿಲಕಮ್ಮ ನೆಲ ನೋಡುತ್ತ ಹೇಳಿದಳು. ಮುದುಕಿ ಅವಳ ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ಪ್ರತಿ ಮಾತು ಮುಗಿದಾಗಲೂ ಒಮ್ಮೆ ಮೆಲ್ಲಗೆ ಅದುಮಿ, ನಂತರ ನಿಧಾನವಾದ ತೆಲುಗಿನಲ್ಲಿ ನನಗೆ ತಿಳಿಸಿದಳು. ನಾನು ಟೈಪ್ ಮಾಡಿಕೊಂಡೆ. ಅವಳು ಹೇಳಿದ್ದೇನು ಎಂಬುದು ಇಲ್ಲಿ ಬೇಡ. ಇಂಥ ಹೇಳಿಕೆಗೆ ದುಭಾಷಿಯ ರುಜು ಬೇಕೇ ಬೇಕು. ಹೆಬ್ಬೆಟ್ಟು ಹಾಕಿಸಲು ಶಾಯಿಯ ಪ್ಯಾಡ್ ತರಲೆಂದು ಎದ್ದು ಹೋಗಿ ಬರುವಷ್ಟರಲ್ಲಿ ಮುದುಕಿ ಹೊರಟುಹೋಗಿದ್ದಳು. ಸಂಘದವರಿಗೆ ಹೇಳಿ ಆಮೇಲೆ ಹಾಕಿಸಿದರಾಯಿತು ಎಂದು ಸುಮ್ಮನಾದೆ.

ವಿಜಯವಾಡದಲ್ಲಿ ವಿಚಾರಣೆ ನಿಗದಿಯಾದಾಗ ಸಂಘಕ್ಕೆ ಫೋನ್ ಮಾಡಿದೆ. ಕಾರ್ಯದರ್ಶಿ, "ಯಾವ ಮುದುಕಿ ಮೇಡಂಗಾರು? ಅವತ್ತು ಕಳಿಸಬೇಕಿದ್ದ ನಮ್ಮ ಹುಡುಗಿಗೆ ಜ್ವರ. ಚಿಲಕಮ್ಮ ಒಬ್ಬಳೇ ಬಸ್ ಹತ್ತಿದಳು. ನೀವೇ ಅಲ್ಲಿ ಯಾರನ್ನಾದರೂ ಕರೆಸಿಕೊಂಡಿರಬೇಕು ಅಂದುಕೊಂಡಿದ್ದೆವು" ಎಂದಳು.

ಅಮ್ಮನನ್ನು ಕೇಳಿದೆ. "ಮುದುಕಿ ಎಲ್ಲಿದ್ಲವಾ? ಬಂದಾಕಿ ಒಬ್ಬಾಕಿನ. ಮೂರು ಕಪ್ ಯಾಕ ಕೇಳ್ತಾಳ ಇಕಿ ಅಂತ ನಾ ಅನ್ಕೊಂಡೆ. ಒಂದು ಕಪ್ ಹಂಗ ತುಂಬಿದ್ದು ಉಳಿದಿತ್ತು, ಬಚ್ಚಲಕ್ಕ ಚೆಲ್ಲಿದೆ."

ಹೆದರಿಕೆಯಾಯಿತು, ನಿಜ. ಆದರೆ ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ದುಭಾಷಿಯೇ ಇಲ್ಲದ ಹೇಳಿಕೆ ರದ್ದಿ ಕಾಗದ. ಚಿಲಕಮ್ಮ ಅದೆಲ್ಲವನ್ನೂ ಮತ್ತೆ ಹೇಳಬೇಕು, ಅದೂ ಗುರುತಿಲ್ಲದ ಗಂಡಸರ ಮುಂದೆ. ಹೇಳದಿದ್ದರೆ ಮೊಕದ್ದಮೆ ಅಲ್ಲಿಗೇ ಬಿದ್ದುಹೋಗುತ್ತದೆ. ಸಂಘದ ಹುಡುಗಿ ಈ ಸಲ ಜೊತೆಗೆ ಬಂದಳು. ರೈಲು ಅನಕಾಪಲ್ಲಿ ದಾಟಿದ ಮೇಲೆ ಧೈರ್ಯ ಮಾಡಿ, ಮತ್ತೊಮ್ಮೆ ಹೇಳಬೇಕಾಗುತ್ತದೆ ಎಂದು ಅವಳಿಂದ ಚಿಲಕಮ್ಮನಿಗೆ ತಿಳಿಸಿದೆ. ಚಿಲಕಮ್ಮ ಕಿಟಕಿಯ ಕಡೆ ತಿರುಗಿದಳು. ನಾಚಿಕೆಯಿಂದ ನನಗೆ ಅವಳ ಮುಖ ನೋಡಲಾಗಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಬೆಂಚು ಪೂರ್ತಿ ಖಾಲಿಯಿತ್ತು. ಆದರೂ ಅವಳು ತುದಿಗೆ ಸರಿದು, ಪಕ್ಕದಲ್ಲಿ ಜಾಗ ಬಿಟ್ಟು ಕುಳಿತಳು. ಶುರುಮಾಡಿದಾಗ ತಲೆ ಎತ್ತಿಕೊಂಡೇ ಇದ್ದಳು. ಎಲ್ಲೂ ತಡವರಿಸಲಿಲ್ಲ, ಎದುರಿನ ವಕೀಲರು ಎಷ್ಟು ಕೆದಕಿದರೂ ಅಲುಗಲಿಲ್ಲ. ಹುಡುಗಿ ತೆಲುಗಿಗೆ ತಿರುಗಿಸುತ್ತ ಹೋದಂತೆ ನಾನು ಕೈಯಲ್ಲಿದ್ದ ಹಳೆಯ ಹೇಳಿಕೆಯ ಮೇಲೆ ಕಣ್ಣಾಡಿಸಿದೆ. ಒಂದು ಮಾತೂ ಹೆಚ್ಚುಕಡಿಮೆ ಇರಲಿಲ್ಲ. ಗುಡ್ಡದ ಭಾಷೆಯ ಒಂದಕ್ಷರವೂ ಗೊತ್ತಿಲ್ಲದ ನಾನು ಅದನ್ನು ಯಾರಿಂದ ಕೇಳಿ ಬರೆದುಕೊಂಡಿದ್ದೆ?

ಹೊರಗೆ ಬಂದ ಮೇಲೆ ಅವಳ ಕೈ ಹಿಡಿದುಕೊಂಡೆ. "ಎರಡನೇ ಸಲ ಹೇಳಿಸಿದೆ, ಕ್ಷಮಿಸು ತಾಯಿ" ಎಂದೆ. ಹುಡುಗಿ ಅದನ್ನು ತಿಳಿಸಿದಳು. ಚಿಲಕಮ್ಮ ನನ್ನನ್ನು ಆಶ್ಚರ್ಯದಿಂದ ನೋಡಿ ಏನೋ ಅಂದಳು. ಹುಡುಗಿ ಅವಳನ್ನು ಮತ್ತೊಮ್ಮೆ ಕೇಳಿದಳು.

"ಏನಂತೆ?"

"ತಾನು ಹೇಳಿದ್ದು ಒಂದೇ ಸಲವಂತೆ ಮೇಡಂ, ನಿಮ್ಮ ಮನೆಯಲ್ಲಿ. ಇವತ್ತು ತಾನು ಸುಮ್ಮನೆ ಕೂತಿದ್ದಳಂತೆ. ಹೇಳಿದ್ದೆಲ್ಲ ಪಕ್ಕದಲ್ಲಿದ್ದ ಅಜ್ಜಿ ಅಂತಾಳೆ."

ಯಾವ ಅಜ್ಜಿ ಎಂದು ನಾನು ಕೇಳಲಿಲ್ಲ. ಚಿಲಕಮ್ಮನ ತುಟಿ ಅಲುಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಕೋಣೆಯಲ್ಲಿದ್ದವರೆಲ್ಲ ನೋಡಿದ್ದಾರೆ. ನೊಂದ ಮನಸ್ಸು ಹೀಗೆಲ್ಲ ಮಾಡುತ್ತದೆ ಎಂದು ಡಾಕ್ಟರರು ಹೇಳಿಯಾರು. ಇರಬಹುದು. ಅವಳ ಮನಸ್ಸಿಗೆ ಅದು ಸರಿ, ನನ್ನ ಮನಸ್ಸಿಗೆ ಏನಾಗಿತ್ತು? ಎಷ್ಟು ಯೋಚಿಸಿದರೂ ಬಗೆಹರಿದಿಲ್ಲ.

ಈಗಲೂ ಹೇಳಿಕೆ ಕೊಡಲು ಯಾರಾದರೂ ಮನೆಗೆ ಬಂದರೆ ಒಂದು ಕಪ್ ಚಹಾ ಹೆಚ್ಚಿಗೆ ಹೇಳುತ್ತೇನೆ. ಯಾರಿಗೆ ಎಂದು ಅಮ್ಮ ಕೇಳುವುದಿಲ್ಲ.